ಅಕ್ಕನ ಬೆನ್ನು, ನನ್ನ ಬೆನ್ನು

ನನಗೆ ಬೆನ್ನುನೋವು ಶುರುವಾದ ವರ್ಷವೇ ಅಕ್ಕನಿಗೂ ಶುರುವಾಯಿತು. ನನ್ನದು ಸೊಂಟದಲ್ಲಿ, ಅವಳದು ಅದಕ್ಕಿಂತ ಒಂದು ಗೇಣು ಮೇಲೆ, ರವಿಕೆಯ ಅಂಚು ಮುಗಿಯುವ ಕಡೆ. ಆ ಒಂದು ಗೇಣಿನ ವ್ಯತ್ಯಾಸಕ್ಕೆ ಏನಾದರೂ ಅರ್ಥ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಕ್ಕತಂಗಿ ಇಬ್ಬರೂ ಒಂದೇ ಅಂಗಡಿಯಲ್ಲಿ ಸೀರೆ ತಂದ ಹಾಗೆ ನೋವನ್ನೂ ತಂದುಕೊಂಡಿದ್ದಾರೆ ಎಂದು ಭಾವ ತಮಾಷೆ ಮಾಡಿದ್ದರು. ನಾವೂ ನಕ್ಕಿದ್ದೆವು.

ನಾನು ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಏಳುವುದು ಊಟಕ್ಕೆ, ಆಮೇಲೆ ಮನೆಗೆ. ಪ್ಲಾಸ್ಟಿಕ್ ಕುರ್ಚಿ, ತಗ್ಗಿನ ಮೇಜು, ಗದ್ದವನ್ನು ಪರದೆಯ ಹತ್ತಿರಕ್ಕೆ ಚಾಚಿಕೊಂಡು ಟೈಪ್ ಮಾಡುವ ಅಭ್ಯಾಸ. ಅಕ್ಕನನ್ನು ಸಾದಲಿಗೆ ಕೊಟ್ಟಿತ್ತು. ಅವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಬೆಳಕು ಹರಿಯುವ ಮುಂಚೆ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ಹುಳುಮನೆಯಲ್ಲಿ ಬಗ್ಗಿ ಬಗ್ಗಿ ಹಾಸಬೇಕು. ಹುಳು ದೊಡ್ಡದಾದ ಮೇಲಂತೂ ಅವು ತಿನ್ನುವ ವೇಗಕ್ಕೆ ಮನುಷ್ಯರು ಸೊಪ್ಪು ಒದಗಿಸಲಾರರು. ಇಂಥ ಕೆಲಸ ಮಾಡುವವಳಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ಎಲ್ಲರೂ ಅಂದುಕೊಂಡರು. ತೊಂಡೇಬಾವಿ ಹತ್ತಿರದ ನಮ್ಮ ತವರಿನಲ್ಲಿ ಅಣ್ಣನ ಜೊತೆ ಇರುವ ಅಮ್ಮನಿಗೆ ಫೋನ್ ಮಾಡಿದಾಗ ಅವಳೂ ಅದನ್ನೇ ಹೇಳಿದಳು. ನಮ್ಮ ಕಡೆಯ ಹೆಣ್ಣುಮಕ್ಕಳ ಬೆನ್ನೇ ಹಾಗೆ, ನಮ್ಮಮ್ಮನೂ ಬಗ್ಗಿಯೇ ಓಡಾಡುತ್ತಿದ್ದಳು, ಒಂದಿಷ್ಟು ಎಣ್ಣೆ ಕಾಯಿಸಿ ಹಚ್ಚಿಕೊಳ್ಳಿ ಅಂದಳು.

ನನ್ನ ನೋವು ಎಣ್ಣೆಗೆ ಬಗ್ಗಲಿಲ್ಲ. ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು ಒಂದು ಕ್ಷಣ ನಿಲ್ಲುವ ಸ್ಥಿತಿ ಬಂದಿತ್ತು. ನಮ್ಮ ಶಾಲೆಯ ಟೀಚರೊಬ್ಬರು ಚಿಕ್ಕಬಳ್ಳಾಪುರದಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಇದ್ದಾರೆ ಎಂದರು. ಒಬ್ಬಳೇ ಹೋಗುವುದಕ್ಕಿಂತ ಇಬ್ಬರೂ ಹೋಗೋಣ ಎಂದು ಅಕ್ಕನನ್ನೂ ಹೊರಡಿಸಿದೆ. ಹುಳು ಚಾಕಿಯಲ್ಲಿದ್ದವು, ಅಂದರೆ ಇನ್ನೂ ಮರಿ, ಸೊಪ್ಪಿನ ಕೆಲಸ ಕಡಿಮೆ. ಅದಕ್ಕೇ ಅವಳು ಒಪ್ಪಿದಳು.

ಮೇಡಂ ಅವರ ಕೋಣೆ ಒಂದು ಔಷಧಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಅಕ್ಕ ಎರಡು ಸಲ ನಿಂತಳು. ಮೇಡಂಗೆ ನನಗಿಂತ ಚಿಕ್ಕ ವಯಸ್ಸು, ಮೆಲುದನಿ. ಮೊದಲು ನಮ್ಮನ್ನು ಕೂರಿಸಿ, ನಿಲ್ಲಿಸಿ, ನೆಲದಲ್ಲಿದ್ದ ಒಂದು ಬಕೆಟ್ ಎತ್ತಿಸಿ ಸುಮ್ಮನೆ ನೋಡಿದರು. ನಾನು ಕೂರುವ ರೀತಿ ನೋಡಿ, ನಿಮ್ಮ ಬೆನ್ನು ಇಷ್ಟು ದಿನ ಸುಮ್ಮನಿದ್ದದ್ದೇ ಹೆಚ್ಚು ಅಂದರು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂರಬೇಕು, ಸೊಂಟದ ಹಿಂದೆ ಒಂದು ಟವೆಲ್ ಸುತ್ತಿ ಇಡಬೇಕು, ಪಾದ ನೆಲಕ್ಕೆ ಪೂರ್ತಿ ಊರಬೇಕು, ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕೆ ಬರಬೇಕು. ಎಷ್ಟೇ ಚೆನ್ನಾಗಿ ಕೂತರೂ ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲೇಬೇಕು. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಭಾರವನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು. ಪಾತ್ರೆ ತೊಳೆಯುವಾಗ ಒಂದು ಕಾಲು ಮಣೆಯ ಮೇಲೆ. ಮಲಗುವುದು ಪಕ್ಕಕ್ಕೆ, ಮಂಡಿಗಳ ನಡುವೆ ದಿಂಬು. ನೋವೆಂದು ದಿನವಿಡೀ ಮಲಗಿಬಿಟ್ಟರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ, ನಡೆಯುತ್ತಿರಬೇಕು. ಚಾಪೆ ಹಾಸಿ, ಮಂಡಿಯನ್ನು ಎದೆಗೆ ತರುವುದು, ಅಂಗಾತ ಮಲಗಿ ಸೊಂಟ ಎತ್ತುವುದು, ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ಇಳಿಸುವುದು, ಇಷ್ಟನ್ನು ಮಾಡಿಸಿದರು. ಅಕ್ಕ ಮುಖ ಕಿವುಚಿಕೊಂಡೇ ಮಾಡಿದಳು.

ಹೊರಡುವಾಗ ಮೇಡಂ ಒಂದು ಮಾತು ಹೇಳಿದರು. ಅದನ್ನು ನಾನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೋ.

"ಮಾಮೂಲಿ ಬೆನ್ನುನೋವು ಮಲಗಿದ್ರೆ ಇಳೀಬೇಕು. ಮಲಗಿದಾಗ್ಲೇ ಜಾಸ್ತಿ ಆದ್ರೆ, ಜ್ವರ ಬಂದ್ರೆ, ಕಾಲು ಜೋಮು ಹಿಡಿದ್ರೆ, ಈ ಎಕ್ಸರ್‌ಸೈಜ್ ಎಲ್ಲಾ ನಿಲ್ಲಿಸಿಬಿಟ್ಟು ತಕ್ಷಣ ಬನ್ನಿ."

ಇಬ್ಬರೂ ತಲೆಯಾಡಿಸಿದೆವು. ಅಕ್ಕ ಆಗಲೇ ನೆಲ ನೋಡುತ್ತಿದ್ದಳು.

ನನ್ನ ಬೆನ್ನು ಮಾತು ಕೇಳಿತು. ಶಾಲೆಯಲ್ಲಿ ಹಳೆಯ ಕಾಗದದ ಕಟ್ಟುಗಳ ಮೇಲೆ ಕಂಪ್ಯೂಟರ್ ಏರಿಸಿದೆ, ಕಾಲ ಕೆಳಗೆ ಒಂದು ಹಲಗೆ ತಂದಿಟ್ಟೆ. ಮೊದಮೊದಲು ನೆಟ್ಟಗೆ ಕೂರುವುದೇ ಒಂದು ಶಿಕ್ಷೆ ಅನಿಸಿತು, ಮರೆತ ತಕ್ಷಣ ಭುಜ ಮುಂದಕ್ಕೆ ಬಾಗುತ್ತಿತ್ತು. ನಿಧಾನವಾಗಿ ಬೆಳಗಿನ ಬಿಗಿತ ಹೋಯಿತು. ಬಸ್ಸಿನಿಂದ ಕಂಬಿ ಹಿಡಿಯದೆ ಇಳಿದ ದಿನ ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿದೆ. ಅವಳು, ಹೌದಾ, ಒಳ್ಳೇದಾಯ್ತು ಬಿಡು ಅಂದಳು. ನಿನಗೆ ಹೇಗಿದೆ ಎಂದರೆ ಪರವಾಗಿಲ್ಲ ಅಂದಳು. ಆ ಪರವಾಗಿಲ್ಲದಲ್ಲಿ ಏನೋ ಒಣಕಲು ಇತ್ತು.

ಭಾವ ಒಳ್ಳೆಯ ಮನುಷ್ಯ. ಹೆಂಡತಿ ಬಗ್ಗಬಾರದು ಎಂದು ಹುಳುಮನೆಯ ಸ್ಟ್ಯಾಂಡುಗಳನ್ನು ಕಿತ್ತು ಸೊಂಟದ ಎತ್ತರಕ್ಕೆ ಹೊಸದಾಗಿ ಕಟ್ಟಿಸಿದರು. ಸೊಪ್ಪಿನ ಹೊರೆ ತಾವೇ ಹೊತ್ತರು. ಬೆಳಗ್ಗೆ ಚಾಪೆ ಹಾಸಿ, ಮಾಡು ಮಾಡು ಎಂದು ಪಕ್ಕದಲ್ಲಿ ಕೂತು ವ್ಯಾಯಾಮ ಮಾಡಿಸುತ್ತಿದ್ದರು. ಆದರೂ ನಾನು ಸಾದಲಿಗೆ ಹೋದಾಗಲೆಲ್ಲ ಅಕ್ಕ ಸ್ವಲ್ಪ ಹೆಚ್ಚು ಬಿಗಿಯಾಗಿ, ಸ್ವಲ್ಪ ಹೆಚ್ಚು ಸಣ್ಣಗೆ ಕಾಣುತ್ತಿದ್ದಳು. ಕೆಳಗೆ ಬಿದ್ದ ಸೊಪ್ಪನ್ನು ಎತ್ತಿಕೊಳ್ಳಲು ಬೆನ್ನನ್ನು ಒಂದು ಚೂರೂ ಬಗ್ಗಿಸದೆ, ತೊಡೆಯ ಮೇಲೆ ಕೈ ಊರಿ ಕುಕ್ಕರಿಸುತ್ತಿದ್ದಳು. ಮೇಡಂ ಹೇಳಿಕೊಟ್ಟಿದ್ದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಾಳೆ ಎಂದು ಭಾವ ಮೆಚ್ಚಿಕೊಂಡರು. ನಾನೂ ಹೂಂ ಅಂದೆ. ಆದರೆ ಅದು ಕಲಿತ ಚಲನೆಯ ಹಾಗಿರಲಿಲ್ಲ. ಒಳಗೆ ಏನೋ ಒಡೆಯಬಾರದ್ದು ಇದೆ, ಅಲುಗಾಡಿಸದೆ ಹೊತ್ತು ತಿರುಗುತ್ತಿದ್ದಾಳೆ ಅನ್ನುವ ಹಾಗಿತ್ತು.

ಅವಳ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಊಟ ಸೇರುವುದಿಲ್ಲ ಅನ್ನುತ್ತಿದ್ದಳು. ಒಂದು ಸಂಜೆ ಅವಳ ಕೈ ಮುಟ್ಟಿದೆ, ಬೆಚ್ಚಗಿತ್ತು. ಜ್ವರ ಇದೆಯಲ್ಲೇ ಅಂದರೆ ನಕ್ಕಳು. ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೂ ಜ್ವರ ಎಂದೇ ಹೆಸರು. ಸೊಪ್ಪು ಮುಟ್ಟದೆ, ತಲೆ ಮೇಲೆತ್ತಿ, ಅಲುಗದೆ ನಿಂತುಬಿಡುತ್ತವೆ. "ಹುಳಕ್ಕೂ ಜ್ವರ, ನಂಗೂ ಜ್ವರ ಕಣೇ. ಅವು ಎದ್ದ ಮೇಲೆ ನಾನೂ ಏಳ್ತೀನಿ ಬಿಡು" ಅಂದಳು. ಪಕ್ಕದಲ್ಲಿ ತಟ್ಟೆ ತುಂಬ ಹುಳುಗಳು ಒಂದೇ ಕಡೆಗೆ ತಲೆ ಎತ್ತಿಕೊಂಡು ನಿಶ್ಚಲವಾಗಿದ್ದವು. ಎಂದೂ ಇಲ್ಲದ ಒಂದು ಅಳುಕು ನನಗೆ ಆ ಕೋಣೆಯಲ್ಲಿ ಆಯಿತು. ಡಾಕ್ಟರ ಹತ್ತಿರ ಹೋಗಣ ಎಂದೆ. ಈ ಬೆಳೆ ಮುಗಿಯಲಿ ಅಂದಳು. ಭಾವನಿಗೆ ಹೇಳಿದೆ. ಅವರು ಊರಿನಲ್ಲೇ ತೋರಿಸಿ ಮಾತ್ರೆ ತಂದರು. ಮಾತ್ರೆ ನುಂಗಿದಷ್ಟು ಹೊತ್ತು ಜ್ವರವೂ ನೋವೂ ಅಡಗುತ್ತಿದ್ದವು. ಆಮೇಲೆ ಮತ್ತೆ ತಲೆ ಎತ್ತುತ್ತಿದ್ದವು.

ಮುಂದಿನ ಸಲ ಹೋದಾಗ ಅವಳಿಗೆ ಎಣ್ಣೆ ಹಚ್ಚಲು ನಾನೇ ಕೂತೆ. ಹಗಲು ಹೊತ್ತು, ಬಾಗಿಲಿನಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಕತ್ತಿನಿಂದ ಕೆಳಗೆ ಬೆನ್ನುಮೂಳೆಯ ಗೆಣ್ಣುಗಳ ಮೇಲೆ ಬೆರಳು ಜಾರಿಸುತ್ತಾ ಬಂದೆ. ಒಂದು ಕಡೆ ಬೆರಳು ಎಡವಿತು. ಉಳಿದವುಗಳಿಗಿಂತ ಒಂದು ಗೆಣ್ಣು ಹೊರಗೆ ಎದ್ದಿತ್ತು, ಚರ್ಮದ ಕೆಳಗೆ ಒಂದು ಹುಣಸೆಬೀಜ ಇಟ್ಟ ಹಾಗೆ. ಅಲ್ಲಿ ಮೆಲ್ಲಗೆ ಒತ್ತಿದರೆ ಅಕ್ಕ ಉಸಿರು ಹಿಡಿದಳು. ಕೂಗಲಿಲ್ಲ. ಅವಳು ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಇದು ಎಷ್ಟು ದಿನದಿಂದ ಎಂದು ಕೇಳಿದೆ. ಗೊತ್ತಿಲ್ಲ, ಅದು ನನ್ನ ಕಣ್ಣಿಗೆ ಕಾಣಲ್ಲವಲ್ಲ ಅಂದಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡೇ ನಿಧಾನವಾಗಿ ಹೇಳಿದಳು:

"ಮಲಗಿದ್ರೆ ಇಳಿಯಲ್ಲ ಕಣೇ. ಮಲಗಿದ್ರೇನೆ ಜಾಸ್ತಿ. ಗೋಡೆಗೆ ಒರಗ್ಕೊಂಡು ಕೂತೇ ಇರ್ತೀನಿ, ಬೆಳಗಾಗೋ ತಂಕ."

ಮೇಡಂ ಹೇಳಿದ್ದು ನೆನಪಿಲ್ಲವಾ ಎಂದೆ. ನೆನಪಿದೆ, ಅದಕ್ಕೇ ಹೇಳಲಿಲ್ಲ ಅಂದಳು. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಅವಳಿಗೆ.

ಆ ವಾರವೇ ಚಿಕ್ಕಬಳ್ಳಾಪುರಕ್ಕೆ ಹೋಗುವುದೆಂದು ಭಾವನ ಜೊತೆ ಮಾತಾಡಿ ಬಂದೆ. ಆದರೆ ನಾನು ಹೊರಟ ಮೇಲೆ ಯಾರೋ ನೆಂಟರು ಬಂದು ಇನ್ನೊಂದು ದಾರಿ ಹೇಳಿದ್ದರು. ಚಿಂತಾಮಣಿ ದಾಟಿ ಆಂಧ್ರದ ಗಡಿಯ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಹುಟ್ಟುವಾಗ ತಲೆಗೆ ಮುಂಚೆ ಕಾಲು ಬಂದವಳು. ಅಂಥವರ ಕಾಲು ತಾಗಿದರೆ ಬೆನ್ನುನೋವು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಬೆನ್ನು ಹಿಡಿದುಕೊಂಡವರು ಇಂಥವರಿಂದ ಒದೆಸಿಕೊಂಡು ನಗುತ್ತಾ ಬರುವುದನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಆಸ್ಪತ್ರೆಗೆ ಹೋಗುವ ಮುಂಚೆ ಇದೂ ಒಂದು ಆಗಿಬಿಡಲಿ ಎಂದು ಭಾವ ಅಂದುಕೊಂಡರು. ಅಕ್ಕ ನನಗೆ ಫೋನ್ ಮಾಡಿ, ಜೊತೆಗೆ ನೀನು ಬಂದರೆ ಹೋಗುತ್ತೇನೆ ಅಂದಳು. ಬೇಡ ಎಂದೆ. ಭಾವ ಆಗಲೇ ಕಾರು ಮಾತಾಡಿದ್ದರು. ನಾನಿಲ್ಲದೆ ಅವಳನ್ನು ಕಳಿಸಲು ಮನಸ್ಸಾಗದೆ ಹೊರಟೆ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ದುಡ್ಡು ಮುಟ್ಟುವುದಿಲ್ಲ, ವೀಳ್ಯದೆಲೆ ಮಾತ್ರ. ನೊಪ್ಪಿ ಎನ್ನಿ ರೋಜುಲಾಯೆ ಎಂದು ತೆಲುಗಿನಲ್ಲಿ, ನೋವು ಎಷ್ಟು ದಿನದಿಂದ ಎಂದು ಕೇಳಿದಳು. ಬೇಸಿಗೆಯಿಂದ ಎಂದು ಅಕ್ಕ ತೆಲುಗಿನಲ್ಲೇ ಹೇಳಿದಳು. ಅಷ್ಟು ದಿನದ್ದಾ ಎಂದು ಅಜ್ಜಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಅವಳ ಮುಖವನ್ನು ಚೆನ್ನಾಗಿ ನೋಡಿದಳು. ಮೊದಲು ಒಲ್ಲೆ ಎಂದೇ ಅಂದಳು, ಇದು ಉಳುಕು ಇದ್ದ ಹಾಗಿಲ್ಲ ಎಂದಳು. ಇಷ್ಟು ದೂರ ಬಂದಿದ್ದೇವೆ ಎಂದು ಭಾವ ಕೈಮುಗಿದು ಬೇಡಿಕೊಂಡರು. ಅಕ್ಕ ಕಂಬ ಹಿಡಿದು ನಿಂತಳು. ಆ ಎದ್ದ ಗೆಣ್ಣಿನ ಜಾಗ ಬೇಡ ಅಜ್ಜಿ ಎಂದು ನಾನು ಅಡ್ಡ ಹೋದೆ. ಅಜ್ಜಿ ಬರೀ ಹಿಮ್ಮಡಿ ತಾಗಿಸಿದಳು, ಒದೆಯಲಿಲ್ಲ, ಒಂದು ಮಗುವನ್ನು ಸರಿಸಿದಷ್ಟೇ ಮೆಲ್ಲಗೆ. ಆದರೂ ಅಕ್ಕನ ಎರಡೂ ಮಂಡಿ ಒಟ್ಟಿಗೆ ಮಡಿಸಿಕೊಂಡವು. ಕಂಬ ಹಿಡಿದಿದ್ದ ಕೈ ಬಿಡದಿದ್ದರಿಂದ ನೆಲಕ್ಕೆ ಬೀಳಲಿಲ್ಲ.

ಕೂರಿಸಿ ನೀರು ಕೊಟ್ಟೆವು. ಸ್ವಲ್ಪ ಹೊತ್ತಿಗೆ ಎದ್ದು, ಏನಿಲ್ಲ, ತಲೆ ಸುತ್ತಿತು ಅಂದಳು. ಕಾರಿನ ಕಡೆ ನಡೆದಳು. ನಾನು ಹಿಂದೆ ಬರುತ್ತಿದ್ದೆ. ಅಂಗಳದ ನಡುವೆ ಅವಳ ಬಲಗಾಲಿನ ಚಪ್ಪಲಿ ಬಿಟ್ಟುಹೋಗಿತ್ತು. ಅವಳು ಬರಿಗಾಲಿನಲ್ಲಿ ಮುಂದೆ ಹೋಗುತ್ತಲೇ ಇದ್ದಳು. ಚಪ್ಪಲಿ ಎತ್ತಿಕೊಂಡು ಹೋಗಿ ಕೊಟ್ಟೆ. ತನ್ನ ಕಾಲು ನೋಡಿಕೊಂಡಳು. ಅದು ಜಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಬಿಸಿಲಿಗೆ ಕಾದ ಕಲ್ಲುನೆಲದ ಮೇಲೆ ಅಷ್ಟು ದೂರ ನಡೆದಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಸಾದಲಿ ಕಡೆ ಬೇಡ ಭಾವ. ನೇರ ಚಿಕ್ಕಬಳ್ಳಾಪುರಕ್ಕೆ ಹೋಗಣ" ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅವರು ವಾದ ಮಾಡಲಿಲ್ಲ.

ಮೇಡಂ ಇದ್ದದ್ದು ಮಹಡಿಯ ಮೇಲೆ, ಅಕ್ಕನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಅವರೇ ಇಳಿದು ಬಂದು ಕಾರಿನಲ್ಲೇ ನೋಡಿದರು. ಪಾದದ ಹೆಬ್ಬೆರಳು ಹಿಡಿದು ಮೇಲೆ ಕೆಳಗೆ ಮಾಡಿ, ಕಣ್ಣು ಮುಚ್ಚಿಸಿ, ಯಾವ ಕಡೆ ಇದೆ ಹೇಳಿ ಎಂದರು. ಅಕ್ಕ ತಪ್ಪು ಹೇಳಿದಳು. ಮತ್ತೆ ತಪ್ಪು ಹೇಳಿದಳು. ಬೆನ್ನಿನ ಮೇಲೆ ಕೈ ಇಟ್ಟು ಬೇಗ ತೆಗೆದರು. ಮಲಗಿದಾಗ ನೋವು, ಸಂಜೆ ಜ್ವರ, ತೂಕ ಎಲ್ಲ ಕೇಳಿದರು. ಬೆಳಗ್ಗೆ ಏನಾಯಿತೆಂದು ಭಾವ ಹೇಳಿದಾಗ ಮೇಡಂ ಫೋನ್ ಕೈಗೆತ್ತಿಕೊಂಡರು. ಬೈಯಲಿಲ್ಲ. ಇನ್ನು ಮೇಲೆ ಇವರ ಬೆನ್ನನ್ನು ಯಾರೂ ಮುಟ್ಟಬಾರದು, ತಿಕ್ಕಬಾರದು, ಈಗಲೇ ಸ್ಕ್ಯಾನ್ ಮಾಡಿಸಿ ಎಂದು ಒಬ್ಬ ಮೂಳೆ ಡಾಕ್ಟರಿಗೆ ತಾವೇ ಫೋನ್ ಮಾಡಿದರು.

ಸ್ಕ್ಯಾನ್ ಕೋಣೆಯ ಹೊರಗೆ ಭಾವ ನಿಂತೇ ಇದ್ದರು, ಕೂರಿ ಎಂದರೂ ಕೂರಲಿಲ್ಲ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಎರಡು ಗೆಣ್ಣುಗಳು ಗೆದ್ದಲು ತಿಂದ ಮರದ ಹಾಗೆ ಅಂಚು ಕಳೆದುಕೊಂಡಿದ್ದವು. ಅವುಗಳ ನಡುವೆ ಕೀವು ಕಟ್ಟಿ ನರದ ಮೇಲೆ ಒತ್ತುತ್ತಿತ್ತು. ಬೆನ್ನುಮೂಳೆಯ ಟಿಬಿ ಇರಬೇಕು, ಬೆಂಗಳೂರಿಗೆ ಕಳಿಸುತ್ತೇನೆ, ಸೂಜಿ ಹಾಕಿ ಪರೀಕ್ಷೆ ಮಾಡಿ ಖಚಿತ ಮಾಡುತ್ತಾರೆ ಎಂದರು. ಕೆಮ್ಮೇ ಇಲ್ಲವಲ್ಲ ಎಂದು ಭಾವ ಕೇಳಿದರು. ಮೂಳೆಗೆ ಬಂದರೆ ಕೆಮ್ಮು ಇರಬೇಕೆಂದಿಲ್ಲ, ಅದಕ್ಕೇ ಬಹಳ ಜನ ಇದನ್ನು ಸೊಂಟನೋವು ಎಂದುಕೊಂಡು ತಿರುಗುತ್ತಾರೆ ಎಂದರು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾವು ಕೇಳಲಿಲ್ಲ. ಅವರು ಅಕ್ಕನ ಕಾಲುಗಳ ಕಡೆ ಒಮ್ಮೆ ನೋಡಿದ್ದೇ ಸಾಕಾಗಿತ್ತು.

ಪರೀಕ್ಷೆಯಲ್ಲಿ ಅದೇ ಎಂದು ಬಂತು. ಆಪರೇಷನ್ ಬೇಕಾಗಬಹುದು, ಮೊದಲು ಔಷಧಿಗೆ ಕಾಲು ಹೇಗೆ ಸ್ಪಂದಿಸುತ್ತದೆ ನೋಡೋಣ ಎಂದರು. ಗಟ್ಟಿ ಬೆಲ್ಟ್ ಕಟ್ಟಿ ಮಲಗಿಸಿದರು. ದಿನಾ ಬೆಳಗ್ಗೆ ಮಾತ್ರೆ, ವರ್ಷ ದಾಟಿದರೂ ನಿಲ್ಲಿಸುವಂತಿಲ್ಲ. ಮಾತ್ರೆಗೆ ಮೂತ್ರ ಕೆಂಪಗೆ ಹೋಗುತ್ತಿತ್ತು, ಮೊದಲ ದಿನ ರಕ್ತವೆಂದು ಅಕ್ಕ ಗಾಬರಿಯಾದಳು. ಆಸ್ಪತ್ರೆಯಿಂದ ಅವಳನ್ನು ನನ್ನ ಮನೆಗೇ ಕರೆತಂದೆವು, ಶಿಡ್ಲಘಟ್ಟದಿಂದ ಓಡಾಟ ಸುಲಭ ಎಂದು. ಊರಿನಲ್ಲಿ ಭಾವ ಡಿಸ್ಕ್ ಜಾರಿದೆ ಎಂದು ಹೇಳಿದ್ದರು. ಇದು ಹರಡುವ ತರದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರೂ ಟಿಬಿ ಎಂಬ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನನಗೆ ಈಗಲೂ ಹಿಂಸೆ. ಬೆಳಗ್ಗೆ ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನನ್ನ ವ್ಯಾಯಾಮ ಮಾಡುತ್ತಿದ್ದೆ. ಬೆನ್ನು ಉಬ್ಬಿಸುವುದು, ಇಳಿಸುವುದು. ಗೋಡೆಯ ಆಚೆ ಅಕ್ಕ ಬೆಲ್ಟಿನಲ್ಲಿ ಮರದ ಹಲಗೆಯ ಹಾಗೆ ಮಲಗಿರುತ್ತಿದ್ದಳು. ಒಂದು ದಿನ ಅವಳೇ ಕರೆದು, ಬಾಗಿಲು ಯಾಕೆ ಹಾಕ್ತೀಯ, ಇಲ್ಲೇ ಮಾಡು, ನೋಡ್ತೀನಿ ಅಂದಳು. ಮಾಡಿದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ತನ್ನ ಬಲಗಾಲಿನ ಹೆಬ್ಬೆರಳನ್ನು ಅಲ್ಲಾಡಿಸಲು ನೋಡಿದಳು. ಹೊದಿಕೆ ಅಲುಗಲಿಲ್ಲ. ಅಲುಗಿತಾ ಎಂದು ಕೇಳಿದಳು. ಸ್ವಲ್ಪ ಅಲುಗಿತು ಎಂದೆ. ಅವಳಿಗೆ ನಾನು ಸುಳ್ಳು ಹೇಳುವುದು ಗೊತ್ತಾಗುತ್ತದೆ, ಚಿಕ್ಕಂದಿನಿಂದಲೂ.

ದಿನಾ ಕೇಳುತ್ತಿದ್ದಳು. ಒಂದು ಬೆಳಗ್ಗೆ ಅವಳು ಕೇಳುವ ಮುಂಚೆಯೇ ಹೊದಿಕೆಯ ತುದಿ ಎದ್ದು ಇಳಿಯಿತು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವಳು ಮತ್ತೆ ಮಾಡಿದಳು. ಇಬ್ಬರಿಗೂ ಖುಷಿಪಡಲು ಹೆದರಿಕೆ. ಭಾವನಿಗೂ ತಕ್ಷಣ ಹೇಳಲಿಲ್ಲ, ಮಾರನೆಯ ದಿನ ಮತ್ತೆ ಅಲುಗಿದ ಮೇಲೆ ಹೇಳಿದೆವು. ಆಪರೇಷನ್ ಬೇಡವೆಂದಾಯಿತು. ಜ್ವರ ಬಿಟ್ಟಿತು. ಅನ್ನ ಸೇರಿತು. ಬೆಲ್ಟ್ ಕಟ್ಟಿಕೊಂಡು ಗೋಡೆ ಹಿಡಿದು, ಆಮೇಲೆ ನನ್ನ ಭುಜ ಹಿಡಿದು, ಆಮೇಲೆ ಏನೂ ಹಿಡಿಯದೆ ನಡೆದಳು. ಡಾಕ್ಟರು ಒಪ್ಪಿದ ಮೇಲೆ ಮೇಡಂ ಬಂದು ಅವಳಿಗೆ ಮೊದಲಿನಿಂದ ಎಲ್ಲ ಕಲಿಸಿದರು. ಹೇಗೆ ಹೊರಳಬೇಕು, ಹೇಗೆ ಏಳಬೇಕು, ಎಷ್ಟು ಹೊತ್ತು ಕೂರಬೇಕು.

ಔಷಧಿ ನಿಲ್ಲಿಸಿದ ದಿನ ಡಾಕ್ಟರು ಹೊಸ ಚಿತ್ರ ತೋರಿಸಿದರು. ತಿಂದುಹೋದ ಗೆಣ್ಣುಗಳೆರಡೂ ಕೂಡಿ ಒಂದೇ ಮೂಳೆಯಾಗಿದ್ದವು, ಮುಂದಕ್ಕೆ ಬಾಗಿ. ಇನ್ನು ಇದು ನೆಟ್ಟಗಾಗುವುದಿಲ್ಲ ಎಂದರು. ಮತ್ತೆ ಬರಬಹುದೇ ಎಂದು ಅಕ್ಕ ಕೇಳಿದಳು.

"ಬರೋದು ಕಮ್ಮಿನಮ್ಮ. ಆದ್ರೆ ನೋವು ಬಂದ್ರೆ ಮುಚ್ಚಿಡಬೇಡಿ" ಅಂದರು.

ಅಕ್ಕ ಈಗ ಸಾದಲಿಯಲ್ಲಿದ್ದಾಳೆ. ಹುಳುಮನೆಯಲ್ಲಿ ನಿಂತು ಮಾಡುವ ಕೆಲಸವಷ್ಟೇ ಮಾಡುತ್ತಾಳೆ. ನಮ್ಮಿಬ್ಬರ ಮಾತು ಈಗ ನೋವಿನಿಂದಲೇ ಶುರುವಾಗುತ್ತದೆ. ನನ್ನ ಬೆನ್ನು ಆಗಾಗ ಹಿಡಿದುಕೊಳ್ಳುತ್ತದೆ, ಪರೀಕ್ಷೆಯ ದಿನಗಳಲ್ಲಿ ಶಾಲೆಯಲ್ಲಿ ಹೆಚ್ಚು ಹೊತ್ತು ಕೂತಾಗ, ಬಸ್ಸಿನ ಹಿಂದಿನ ಸೀಟಿನಲ್ಲಿ ಬಂದಾಗ. ಹೇಳಿದರೆ ಅವಳು ಒಂದೊಂದೇ ಕೇಳುತ್ತಾಳೆ. ಮಲಗಿದರೆ ಇಳಿಯಿತಾ, ಸಂಜೆ ಮೈ ಬಿಸಿ ಆಗುತ್ತದಾ, ಕಾಲು ಸರಿಯಾಗಿದೆಯಾ. ಉತ್ತರ ಹೇಳುವವರೆಗೆ ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತಿರುತ್ತದೆ. ಅವಳಿಗೆ ನೋವು ಬಂದರೆ ನಾನೂ ಅದನ್ನೇ ಕೇಳುತ್ತೇನೆ. ಪರವಾಗಿಲ್ಲ ಎಂದು ಅವಳು ಹೇಳಿದರೆ ಆ ದಿನ ನನಗೆ ಕೆಲಸ ಓಡುವುದಿಲ್ಲ.

ಹೋದ ತಿಂಗಳು ಅವಳ ನಾದಿನಿಯ ಮಗಳ ಮದುವೆಗೆಂದು ರವಿಕೆ ಹೊಲಿಸಲು ಶಿಡ್ಲಘಟ್ಟಕ್ಕೆ ಬಂದಿದ್ದಳು. ಹಳೆಯ ಅಳತೆಯ ರವಿಕೆಗಳೆಲ್ಲ ಬೆನ್ನ ಮೇಲೆ ಏರಿಕೊಂಡು, ಮುಂದೆ ಜೋಲುತ್ತಿದ್ದವು. ಟೈಲರಿನ ಹೆಂಡತಿ ಟೇಪ್ ಹಿಡಿದು ಕತ್ತಿನಿಂದ ಕೆಳಗೆ ಅಳೆಯುತ್ತಾ ಬಂದವಳು ಆ ಜಾಗದಲ್ಲಿ ನಿಂತಳು. ಕೈ ಎತ್ತಿ ನನ್ನ ಕಡೆ ನೋಡಿದಳು. ನಾನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಅಕ್ಕನೇ ಮಾತಾಡಿದಳು.

"ಅಲ್ಲಿ ಮೂಳೆ ಟಿಬಿ ಆಗಿತ್ತಮ್ಮ. ಈಗ ವಾಸಿಯಾಗಿದೆ, ಮುಟ್ಟಬಹುದು. ಹಿಂದಗಡೆ ಬಟ್ಟೆ ಜಾಸ್ತಿ ಬಿಡು."

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅಕ್ಕ ಕನ್ನಡಿಯ ಕಡೆ ಬೆನ್ನು ಮಾಡಿ ನಿಂತೇ ಇದ್ದಳು. ಟೈಲರಿನ ಹೆಂಡತಿ ಟೇಪನ್ನು ಮತ್ತೆ ಮೇಲಿನಿಂದ, ಈ ಸಲ ಆ ಉಬ್ಬಿನ ಮೇಲಿಂದಲೇ ಹಾಯಿಸಿ ಅಳೆದಳು.